ಉಳ್ಳಾಗಡ್ಡಿಗೆ ಚಿನ್ನ ಹಚ್ಚಿದವರು

ಡ್ರಾಯಿಂಗ್ ಮಿಸ್ ತೀರಿಕೊಂಡ ಸುದ್ದಿ ನನಗೆ ಬರಲಿಲ್ಲ, ನನ್ನ ಮಗಳಿಗೆ ಬಂತು. ನಾನೂ ಅವರೂ ಒಂದೇ ವಾರಿಗೆಯವರು. ಆದರೂ ಅವರ ಮನೆಯವರು ಊರಿನಿಂದ ಫೋನ್ ಮಾಡಿದ್ದು ದುಬೈಯಲ್ಲಿದ್ದ ಮಗಳಿಗೆ. ಅವಳು ಅಬುಧಾಬಿಯಲ್ಲಿದ್ದ ನನಗೆ ಫೋನ್ ಮಾಡಿ, "ಅಮ್ಮ, ಮಿಸ್ ಹೋದರು" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಮೊದಲು ಆದದ್ದು ದುಃಖವಲ್ಲ. ನಾನು ಹೋದಾಗ ಇವಳು ಇಷ್ಟು ಅಳುತ್ತಾಳೆಯೇ ಎಂಬ ಯೋಚನೆ ಬಂತು. ದುಃಖ ಆಮೇಲೆ, ಚಹಾಕ್ಕೆ ನೀರಿಟ್ಟಾಗ ಬಂತು.

ಸತ್ತವರ ಬಗ್ಗೆ ಬರೆಯಲು ಕೂತರೆ ಒಳ್ಳೆಯ ಮಾತುಗಳನ್ನೇ ಬರೆಯುವುದು ರೂಢಿ. ನನ್ನಿಂದ ಅದು ಪೂರ್ತಿ ಆಗುವ ಮಾತಲ್ಲ. ಅವರನ್ನು ಬಲ್ಲ ಅಷ್ಟೂ ವರ್ಷ ನಾನು ಅವರ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೇನೆ, ಈಗಲೂ ಪಡುತ್ತಿದ್ದೇನೆ. ಅವರ ಹಣಕ್ಕಲ್ಲ, ರೂಪಕ್ಕೂ ಅಲ್ಲ. ನನ್ನ ಒಬ್ಬಳೇ ಮಗಳು ಅವರ ಕಡೆ ಕಣ್ಣರಳಿಸಿ ನೋಡುತ್ತಿದ್ದ ಹಾಗೆ ನನ್ನ ಕಡೆ ಒಂದು ದಿನವೂ ನೋಡಿದವಳಲ್ಲ. ನನಗೆ ಬೇಕಾಗಿದ್ದದ್ದು ಆ ನೋಟ.

ನಾವು ಬಾಗಲಕೋಟೆ ಕಡೆಯವರು. ಗಂಡ ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್. ಮೊದಲು ಮರುಭೂಮಿಯ ಒಳಗಿನ ಮದೀನತ್ ಜಾಯೆದ್‌ನಲ್ಲಿದ್ದೆವು. ಮಗಳಿಗೆ ಒಳ್ಳೆಯ ಸ್ಕೂಲು ಸಿಗಲಿ ಎಂದು ನಾನೂ ಅವಳೂ ಅಬುಧಾಬಿಗೆ ಬಂದೆವು, ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದೆ. ಅಲ್ಲೇ ಉಳಿದ ಗಂಡ ವಾರದ ಕೊನೆಗೆ ಬಂದು ಮಲಗಿ ಎದ್ದು ಹೋಗುವ ನೆಂಟರ ಹಾಗೆ ಆದರು. ಮಗಳನ್ನು ಡಾಕ್ಟರ್ ಮಾಡಬೇಕೆಂದು ನನಗೆ ಆಸೆ. ಆದರೆ ಅವಳ ಬಯಾಲಜಿ ಚಿತ್ರಗಳು ದೇವರಿಗೇ ಪ್ರೀತಿ. ಅವಳು ಬಿಡಿಸಿದ ಕಪ್ಪೆಯ ಹೃದಯವನ್ನು ನೋಡಿ ನನ್ನ ಗಂಡ ಬದನೆಕಾಯಿ ಎಂದಿದ್ದರು. ಖಲೀಫಾ ಸಿಟಿಯಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರು ಶುಕ್ರವಾರ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಾರೆ ಎಂದು ಲ್ಯಾಬಿನ ಗೆಳತಿ ಹೇಳಿದಳು. ಡಯಾಗ್ರಾಂ ಸುಧಾರಿಸಲಿ ಎಂದು ನಾನೇ ಮಗಳ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಅಷ್ಟು ದೂರ ಹೋಗಿಬರಲು ಬೇಕೆಂದೇ ಡ್ರೈವಿಂಗ್ ಲೈಸೆನ್ಸನ್ನೂ ಮಾಡಿಸಿಕೊಂಡೆ.

ಖಲೀಫಾ ಸಿಟಿಯಲ್ಲಿ ಆಗ ಮನೆಗಿಂತ ಮರಳೇ ಜಾಸ್ತಿ. ಒಂದು ವಿಲ್ಲಾದ ಅರ್ಧ ಭಾಗದಲ್ಲಿ ಅವರು, ಇನ್ನರ್ಧದಲ್ಲಿ ಒಂದು ಸಿರಿಯನ್ ಸಂಸಾರ. ಅವರ ಗಂಡ ಹೋಟೆಲೊಂದರ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಸಾಧು ಮನುಷ್ಯ. ಮಕ್ಕಳಿರಲಿಲ್ಲ. ಅಲ್ಲಿ ರಜೆ ಶುಕ್ರವಾರ, ಚರ್ಚಿನ ಪ್ರಾರ್ಥನೆಯೂ ಅಂದೇ. ಬೆಳಿಗ್ಗೆ ಚರ್ಚಿನಿಂದ ಬಂದವರೇ ಒಳ್ಳೆಯ ಉಡುಪಿನ ಮೇಲೆ ಗಂಡನ ಹಳೆಯ ಅಂಗಿ ಏರಿಸಿ ಕ್ಲಾಸು ಶುರುಮಾಡುತ್ತಿದ್ದರು, ಪಕ್ಕದ ಮಸೀದಿಯಲ್ಲಿ ಜುಮ್ಮಾದ ಬಾಂಗ್ ಆಗುವ ಹೊತ್ತಿಗೆ "ಖಲಾಸ್, ಯಲ್ಲಾ, ಮನೆಗೆ" ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದರು. ಅವರ ದನಿ ಗೇಟಿನವರೆಗೆ ಕೇಳುತ್ತಿತ್ತು. ನಾಚಿಕೆ, ಸಂಕೋಚ, ವಿನಯ ಇವೆಲ್ಲ ಅವರ ಹತ್ತಿರ ಸುಳಿದದ್ದನ್ನು ನಾನು ನೋಡಿಲ್ಲ.

ಮೊದಲ ದಿನ ನಾನು ಕೇಳಿದೆ, "ಏನೇನ್ ಕಲಸ್ತೀರಿ ಮಿಸ್?"

"ನೀರುಳ್ಳಿ," ಎಂದರು.

ನಾನು ತಮಾಷೆ ಎಂದುಕೊಂಡೆ. ತಮಾಷೆ ಅಲ್ಲ. ಒಂದು ವರ್ಷ ಪೂರ್ತಿ ಆ ಮಕ್ಕಳು ಉಳ್ಳಾಗಡ್ಡಿ ಬಿಟ್ಟು ಬೇರೇನನ್ನೂ ಬಿಡಿಸಲಿಲ್ಲ. ಆದರೆ ಪ್ರತಿ ತಿಂಗಳಿಗೊಮ್ಮೆ ಅದೇ ಉಳ್ಳಾಗಡ್ಡಿ ಯುರೋಪಿನ ಚಿತ್ರಕಲೆಯಲ್ಲಿ ಒಂದಷ್ಟು ವರ್ಷ ಮುಂದೆ ಹೋಗುತ್ತಿತ್ತು. ಅದು ಅವರು ಕಂಡುಕೊಂಡ ದಾರಿ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಆ ಕಾಲದ ಚಿತ್ರಗಳನ್ನು ಬಿಡುವುದು, ಆಮೇಲೆ ದೀಪ ಹಾಕಿ, "ಈ ಪೇಂಟರ್ ನಮ್ಮ ಕಿಚನಿಗೆ ಬಂದಿದ್ರೆ ಈ ನೀರುಳ್ಳಿಯನ್ನು ಹೇಗೆ ಮಾಡ್ತಿದ್ದ? ಮಾಡಿ ನೋಡುವ" ಎನ್ನುವುದು.

ಮೊದಲು ಚಿನ್ನ. ಚಾಕೊಲೇಟಿನ ಬಂಗಾರದ ಬಣ್ಣದ ಕಾಗದವನ್ನು ಉಜ್ಜಿ ಸಪಾಟು ಮಾಡಿ ಉಳ್ಳಾಗಡ್ಡಿಯ ಸುತ್ತ ಅಂಟಿಸಿದರು. "ಆಗ ಚಿತ್ರದಲ್ಲಿ ಆಕಾಶ ಇಲ್ಲ, ಗೋಡೆ ಇಲ್ಲ, ಹಿಂದೆ ಬರೀ ಚಿನ್ನ. ದೇವರು ಸಂತರು ಇರುವ ಜಾಗಕ್ಕೆ ನೆರಳು ಎಂತಕ್ಕೆ?" ಎಂದರು ಅವರು. ಮಗಳು ಮನೆಗೆ ತಂದ ಚಿತ್ರದಲ್ಲಿ ಉಳ್ಳಾಗಡ್ಡಿಯ ತಲೆಯ ಹಿಂದೆ ಪ್ರಭಾವಳಿ ಇತ್ತು. ನನ್ನ ಗಂಡ ಅದಕ್ಕೆ ಕೈಮುಗಿದು ಊಟಕ್ಕೆ ಕೂತರು.

ಆಮೇಲೆ ಇಟಲಿಯ ಫ್ಲಾರೆನ್ಸ್. ಎದುರಿನ ಗೋಡೆಗೆ ಒಂದು ಮೊಳೆ ಹೊಡೆದು, ಅದರಿಂದ ಮೇಜಿನ ಎಲ್ಲ ಮೂಲೆಗಳಿಗೆ, ನೆಲದ ಪ್ರತಿ ಟೈಲ್ಸಿನ ಗೆರೆಗೆ ದಾರ ಕಟ್ಟಿದರು. ಮಕ್ಕಳು ದಾರದ ಕೆಳಗೆ ನುಸುಳಿಕೊಂಡು ಓಡಾಡಿದರು. ದೂರದ್ದೆಲ್ಲ ಆ ಒಂದು ಮೊಳೆಗೆ ಹೋಗಿ ಸೇರುತ್ತದೆ ಎಂಬುದು ಪಾಠ. "ಚಿನ್ನ ತೆಗೆದು ಕಿಟಕಿ ಇಟ್ಟದ್ದು ಇವರು. ಸಂತನ ಕಾಲು ಮೊದಲನೇ ಸಲ ನೆಲಕ್ಕೆ ತಾಗಿತು ನೋಡಿ" ಎಂದು ಉಳ್ಳಾಗಡ್ಡಿಯನ್ನು ಮೇಜಿನ ಮೇಲೆ ಕುಕ್ಕಿದರು. ಗೋಡೆಗೆ ಕಟ್ಟಿದ ದಾರಗಳ ನಡುವೆ ನಿಂತು ಮಗಳು ಬಾಯಿ ತೆರೆದು ಅವರನ್ನೇ ನೋಡುತ್ತಿದ್ದಳು. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ನಾವು ತಾಯಂದಿರು ಕಾಯುತ್ತ ಕೂತಿರುತ್ತಿದ್ದೆವು. ಬೇರೆಯವರು ಪತ್ರಿಕೆ ಓದುತ್ತಿದ್ದರು, ಸೀರೆಯ ಮಾತಾಡುತ್ತಿದ್ದರು. ನಾನು ಮಿಸ್ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ನನ್ನ ಮಗಳಿಗೆ ಈ ಹೆಂಗಸಿನಲ್ಲಿ ಏನು ಕಾಣುತ್ತಿದೆ ಎಂದು ನನಗೆ ಗೊತ್ತಾಗಬೇಕಿತ್ತು.

ಮಗಳು ಮನೆಯಲ್ಲಿ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಕನ್ನಡ ಮಾತಾಡು ಎಂದು ಬೇಡಿಕೊಂಡಿದ್ದೆ, ಗದರಿದ್ದೆ. ಒಂದು ಶನಿವಾರ ಸ್ಕೂಲಿಂದ ಬಂದವಳು ಅಡುಗೆಮನೆಯಲ್ಲಿ ನಿಂತು, "ಅಮ್ಮ, ನೀರುಳ್ಳಿ ಉಂಟಾ?" ಎಂದಳು. ಕನ್ನಡ ಬಂದಿತ್ತು. ನಾನು ಕಾಯುತ್ತಿದ್ದ ಕನ್ನಡವೇ. ಆದರೆ ಅದು ಅವರ ಬಾಯಿಯ ಕನ್ನಡ.

"ಉಳ್ಳಾಗಡ್ಡಿ ಅನ್ನವ್ವಾ," ಎಂದೆ.

"ಮಿಸ್ ನೀರುಳ್ಳಿ ಅಂತಾರೆ," ಎಂದಳು. ಅಷ್ಟಕ್ಕೆ ಆ ಚರ್ಚೆ ಮುಗಿಯಿತು. ಆ ದಿನ ನನಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಒಮ್ಮೆ ಮಾತ್ರ ಗೆದ್ದೆ ಎಂದುಕೊಂಡೆ. ಅವರು ಮಕ್ಕಳಿಗೆ ಎಣ್ಣೆಬಣ್ಣ ಶುರುಮಾಡಿದ್ದರು. ಮೊದಲು ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುತ್ತಿದ್ದರಂತೆ, ಅದು ಹಚ್ಚಿದ ಕೂಡಲೇ ಒಣಗಿ ಬಿಡುತ್ತಿತ್ತಂತೆ. ಆಮೇಲೆ ಬೆಲ್ಜಿಯಂ ಕಡೆಯವರು ಎಣ್ಣೆಯಲ್ಲಿ ಕಲಸುವುದನ್ನು ಪಳಗಿಸಿಕೊಂಡರು. ಎಣ್ಣೆ ನಿಧಾನ ಒಣಗುತ್ತದೆ, ಪದರದ ಮೇಲೆ ಪದರ ಹಚ್ಚಬಹುದು, ಕೆಳಗಿನ ಬಣ್ಣ ಮೇಲಿನದರೊಳಗಿಂದ ಹೊಳೆಯುತ್ತದೆ. ಅದು ದಕ್ಷಿಣಕ್ಕೆ ಇಳಿದು ವೆನಿಸಿನವರ ಕೈಗೆ ಸಿಕ್ಕಿ ರೇಷ್ಮೆಯೂ ಮೈಚರ್ಮವೂ ಮುಟ್ಟಬೇಕು ಅನ್ನಿಸುವಂತಾಯಿತು. ಇಷ್ಟು ಹೇಳಿ ಅವರು ಸಣ್ಣ ಬಾಟಲಿ ತೆರೆದರು. ವಾಸನೆ ನನ್ನ ಕುರ್ಚಿಯವರೆಗೆ ಬಂತು. ನಾನು ಎದ್ದು ನಿಂತೆ.

"ಇದು ನಮ್ಮ ಅಗಸಿ ಎಣ್ಣಿ ಅಲ್ಲೇನ್ರಿ? ಅಗಸಿ ಹಿಂಡಿ ಮಾಡ್ತೀವಲ್ಲ, ಅದ."

ನಮ್ಮ ಕಡೆ ಅಗಸೆಯ ಚಟ್ನಿಪುಡಿ ಇಲ್ಲದೆ ರೊಟ್ಟಿಯ ಊಟ ಇಲ್ಲ. ಅವರು ಕೈಯಲ್ಲಿದ್ದ ಬಾಟಲಿ ನೋಡಿದರು, ನನ್ನನ್ನು ನೋಡಿದರು. ಬಂದು ನನ್ನ ಭುಜ ಹಿಡಿದು ಕ್ಲಾಸಿನ ನಡುವೆ ನಿಲ್ಲಿಸಿದರು. "ಕೇಳಿದಿರಾ ಮಕ್ಕಳೇ? ಯುರೋಪಿನವರು ಹಲಗೆಗೆ ಹಚ್ಚಿದ್ದನ್ನು ಇವರು ರೊಟ್ಟಿಗೆ ಹಚ್ಚಿ ತಿಂದ್ರು." ಮಕ್ಕಳು ನಕ್ಕರು. ಮಗಳು ನನ್ನ ಕಡೆ ನೋಡಿದಳು. ಆ ನೋಟ ಎಷ್ಟು ಹೊತ್ತು ಇತ್ತೋ, ನನಗೆ ಸಾಕಾಗಲಿಲ್ಲ. ಮುಂದಿನ ವಾರ ನಾನು ಡಬ್ಬಿ ತುಂಬ ಅಗಸೆ ಹಿಂಡಿ ಒಯ್ದು ಕೊಟ್ಟೆ. ಅದರ ಮುಂದಿನ ವಾರಕ್ಕೆ ಅವರು ಅದನ್ನು ಬ್ರೆಡ್ಡಿಗೆ, ಮೀನಿಗೆ, ಎಲ್ಲದಕ್ಕೂ ಹಾಕಿಕೊಂಡು ತಿನ್ನುತ್ತ ಮಕ್ಕಳಿಗೂ ತಿನ್ನಿಸುತ್ತಿದ್ದರು. ಅಗಸೆ ಎಂದರೆ ಮುಖ ತಿರುಗಿಸುತ್ತಿದ್ದ ಮಗಳು ಮನೆಗೆ ಬಂದು, "ಅಮ್ಮ, ಮಿಸ್ ತಿನ್ನುವ ಚಟ್ನಿ ಮಾಡು" ಎಂದಳು. ನಾನು ಹುಟ್ಟಿದಾಗಿನಿಂದ ತಿಂದ ಅಗಸೆ ಹೀಗೆ ಅವರದಾಯಿತು.

ಅವರ ಮಾತು ಕೇಳಿದರೆ ಇಟಲಿಯಲ್ಲೇ ಹುಟ್ಟಿ ಬೆಳೆದವರು ಎನ್ನಬೇಕು. ರೋಮಿನಲ್ಲಿ ಬಿಸಿಲು ಹೀಗೆ ಬೀಳುತ್ತದೆ, ಡಚ್ಚರ ಚಿತ್ರದ ಕಿಟಕಿ ಯಾವಾಗಲೂ ಎಡಗಡೆ ಇರುತ್ತದೆ, ಹೀಗೆ. ಒಂದು ದಿನ ಎಲ್ಲ ತಾಯಂದಿರ ಎದುರು ಬೇಕೆಂದೇ ಕೇಳಿದೆ, "ನೀವು ಯಾವಾಗ ಹೋಗಿದ್ರಿ ಮಿಸ್ ಯುರೋಪಿಗೆ?"

"ನಾನಾ? ಹೋಗಲೇ ಇಲ್ಲ," ಎಂದರು ಅವರು. "ರಜೆ ಸಿಕ್ಕಿದ್ರೆ ಊರು, ಊರಿನಲ್ಲಿ ಅತ್ತೆ. ಯುರೋಪಿಗೆ ಹೋಗುದು ಯಾವಾಗ?"

"ಮತ್ತ ಅಲ್ಲಿ ಬಿಸಲು ಹ್ಯಾಂಗ ಬೀಳ್ತದ ಅಂತ ನಿಮಗ ಹ್ಯಾಂಗ ಗೊತ್ತು?"

"ಕಾಮಾಲೆ ಬಂದವರ ಮನೆಗೆ ನೀವು ಹೋಗಿ ನೋಡ್ತೀರಾ ಮಾರಾಯ್ರೆ? ಲ್ಯಾಬಿನಲ್ಲಿ ಕೂತು ರಕ್ತ ನೋಡಿ ಹೇಳುದಲ್ವಾ? ಹಾಗೇ."

ಎಲ್ಲರೂ ನಕ್ಕರು. ನನ್ನ ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಅವರನ್ನು ಮಾತಿನಲ್ಲಿ ಕಟ್ಟಿಹಾಕುವ ಆಸೆಯನ್ನು ನಾನು ಅಂದೇ ಬಿಟ್ಟೆ.

ಎರಡನೆಯ ವರ್ಷ ಉಳ್ಳಾಗಡ್ಡಿ ಮುಗಿದು ಮುಖಗಳು ಶುರುವಾದವು. ಚಿತ್ರದೊಳಗೆ ಯಾರ ಮುಖ ಬರುತ್ತದೆ ಎಂಬುದೇ ಯುರೋಪಿನ ಕತೆ ಎನ್ನುತ್ತಿದ್ದರು ಅವರು. ಮೊದಲು ದೇವರು, ಮಾತೆ, ಸಂತರು. ಆಮೇಲೆ ಚಿತ್ರಕ್ಕೆ ದುಡ್ಡು ಕೊಟ್ಟ ಸಾಹುಕಾರ ಮೂಲೆಯಲ್ಲಿ ಮೊಣಕಾಲೂರಿ ಸಣ್ಣಗೆ ಒಳಗೆ ಬಂದ. ಮುಂದೆ ಅವನೇ ನಡುವೆ ಕೂತ. ಇನ್ನೂ ಮುಂದೆ ಡಚ್ಚರ ನಾಡಿನಲ್ಲಿ ತರಕಾರಿ ಹೆಚ್ಚುವವಳು, ಬಟ್ಟೆ ಹೊಲಿಯುವವಳು, ಸುಮ್ಮನೆ ಕಿಟಕಿಯ ಹತ್ತಿರ ನಿಂತವಳು. "ಬಲಿಪೀಠದಿಂದ ಕಿಚನಿಗೆ ಬರುದಕ್ಕೆ ಇಷ್ಟು ವರ್ಷ ಹಿಡೀತು," ಎಂದು ಅವರು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು. ಮುಖ ಬಿಡಿಸಲು ಮಾಡೆಲ್ ಬೇಕಲ್ಲ? ಮಕ್ಕಳೆಲ್ಲ, "ಮಿಸ್, ನೀವೇ ಕೂತ್ಕೊಳ್ಳಿ" ಎಂದರು. ಅವರು ಒಪ್ಪಲಿಲ್ಲ. ಬ್ರಷ್ಷಿನ ಹಿಂಬದಿಯಿಂದ ಗೋಡೆಯ ಪಕ್ಕದ ನಮ್ಮ ಸಾಲನ್ನು ತೋರಿಸಿ, "ಅಲ್ಲಿ ಇಷ್ಟು ಮುಖಗಳು ಬೇಕಾರ್ ಕೂತಿವೆ. ಅವರನ್ನು ಮಾಡಿ" ಎಂದರು. ವಾರಕ್ಕೊಬ್ಬ ತಾಯಿಯ ಸರದಿ ಬಂತು.

ನನ್ನ ಸರದಿ ಬಂದಾಗ ಡಚ್ಚರ ಪಾಠ ನಡೆದಿತ್ತು. "ಮನೆಯಲ್ಲಿ ಇರುವ ಹಾಗೇ ಬನ್ನಿ, ನೈಟಿ ಆದ್ರೂ ಅಡ್ಡಿಲ್ಲ. ಬೀನ್ಸ್ ಕೊಡ್ತೇನೆ, ಕಿಟಕಿ ಹತ್ತಿರ ಕೂತು ನಾರು ತೆಗೀರಿ" ಎಂದಿದ್ದರು. ನನಗೆ ಮೈ ಉರಿಯಿತು. ಹಿಂದಿನ ತಿಂಗಳು ಕೇರಳದ ಡಾಕ್ಟರ ಹೆಂಡತಿಯನ್ನು ವೆನಿಸಿನ ರಾಣಿಯಂತೆ ಕೂರಿಸಿದವರು ನನ್ನನ್ನು ಅಡುಗೆಯವಳಾಗಿ ಕೂರಿಸುತ್ತಾರಂತೆ. ಮಗಳ ಕಣ್ಣಿಗೆ ನಾನು ಬೀನ್ಸ್ ಸೋಸುವವಳಾಗಿಯೇ ಕಾಣಬೇಕೇ? ಆ ಶುಕ್ರವಾರ ಮದುವೆಯ ಇಳಕಲ್ ಸೀರೆ ಉಟ್ಟೆ, ಸರ, ಬಳೆ, ಬೆಂಡೋಲೆ ಎಲ್ಲ ಹಾಕಿದೆ, ಮಲ್ಲಿಗೆಯನ್ನೂ ಮುಡಿದೆ. ಕಾರಿನಲ್ಲಿ ಮಗಳು, "ಅಮ್ಮ, ಸೋ ಎಂಬರಾಸಿಂಗ್" ಎಂದು ಸೀಟಿನಲ್ಲಿ ಕೆಳಗೆ ಜಾರಿದಳು.

ಬಾಗಿಲು ತೆರೆದ ಅವರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ನೀವು ವೆನಿಸಿಗೆ ಹೊರಟದ್ದಾ? ನಾವು ಹಾಲೆಂಡಿಗೆ ಬಂದು ತಿಂಗಳಾಯ್ತಲ್ಲ," ಎಂದರು. ನನ್ನ ಮುಖ ನೋಡಿದ ಮೇಲೆ ಅವರಿಗೆ ಏನು ಅನ್ನಿಸಿತೋ. ಮಕ್ಕಳ ಕಡೆ ತಿರುಗಿ, "ಇವತ್ತು ಹಿಂದೆ ಹೋಗುವ. ಈ ಸೀರೆ ಬಿಟ್ಟರೆ ಇನ್ನೊಮ್ಮೆ ಸಿಗುದಿಲ್ಲ" ಎಂದು ಪಾಠವನ್ನೇ ಬದಲಿಸಿದರು. ಸೆರಗಿನ ಕೆಂಪು ಹೇಗೆ ಮಡಿಕೆಯೊಳಗೆ ಕಪ್ಪಾಗುತ್ತದೆ, ಚಿನ್ನ ಬಿಡಿಸಲು ಚಿನ್ನದ ಬಣ್ಣ ಏಕೆ ಬೇಡ, ಹಳದಿಯ ಪಕ್ಕ ಕಂದು ಇಟ್ಟರೆ ಸಾಕು ಎಂದೆಲ್ಲ ತೋರಿಸಿದರು. ನನಗೆ ಅವಮಾನ ಮಾಡಲಿಲ್ಲ. ಮಾಡಿದ್ದರೆ ಒಂದು ಜಗಳವಾಡಿ ಮಗಳನ್ನು ಆ ಕ್ಲಾಸಿನಿಂದ ಬಿಡಿಸಬಹುದಿತ್ತು. ಮಗಳು ಸೀರೆಯನ್ನು ಅದ್ಭುತವಾಗಿ ಬಿಡಿಸಿದಳು. ಮುಖಕ್ಕೆ ಸಮಯ ಸಾಲಲಿಲ್ಲ ಎಂದಳು.

ಮುಖ ಬಿಡಿಸಿದ್ದು ಆಮೇಲೊಂದು ದಿನ. ನಾನು ನೈಟ್ ಡ್ಯೂಟಿ ಮುಗಿಸಿ ಹಾಗೇ ಬಂದಿದ್ದೆ, ಲ್ಯಾಬ್ ಕೋಟು ಕೂಡ ತೆಗೆದಿರಲಿಲ್ಲ. ಅಂದೂ ಹಿಂದೆ ಹೋಗಿ ರೋಮಿನವರ ಕತ್ತಲೆಯ ಪಾಠ. ಒಂದು ಕಾಲಕ್ಕೆ ಅಲ್ಲೊಬ್ಬ ಬಂದು ಚಿತ್ರದ ದೀಪಗಳನ್ನೆಲ್ಲ ಆರಿಸಿ ಒಂದನ್ನೇ ಬಿಟ್ಟನಂತೆ, ಸಂತರ ಕಾಲಿನ ಮಣ್ಣನ್ನೂ ಬಿಡದೆ ತೋರಿಸಿದನಂತೆ. ಪರದೆ ಎಳೆದು ಒಂದೇ ಒಂದು ಸಂದಿಯಿಂದ ಬೆಳಕು ಬಿಟ್ಟಿದ್ದರು. ಕತ್ತಲಾದ ಕೋಣೆ, ತಂಪು ಎಸಿ, ನಾನು ಕುರ್ಚಿಯಲ್ಲೇ ನಿದ್ದೆಹೋದೆ. ಎಚ್ಚರವಾದಾಗ ಅಷ್ಟೂ ಮಕ್ಕಳು ನನ್ನ ಸುತ್ತ ಅರ್ಧವೃತ್ತವಾಗಿ ಕೂತು ನನ್ನನ್ನೇ ಬಿಡಿಸುತ್ತಿದ್ದರು, ಮಿಸ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂದೆ ನಿಂತಿದ್ದರು. ಮಗಳು ಎಲ್ಲರಿಗಿಂತ ಹತ್ತಿರ ಕೂತಿದ್ದಳು. ಅವಳ ಹಾಳೆಯಲ್ಲಿ ನನ್ನ ಕಣ್ಣಿನ ಕೆಳಗಿನ ಕಪ್ಪು, ತೆರೆದ ಬಾಯಿ, ಕೋಟಿನ ತೋಳಿನ ಮೇಲಿನ ಕಲೆ ಯಾವುದನ್ನೂ ಬಿಟ್ಟಿರಲಿಲ್ಲ.

"ಅಮ್ಮ, ಮೂವ್ ಮಾಡಬೇಡ," ಎಂದಳು.

ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದಳು, ಮತ್ತು ನಾನು ನಿದ್ದೆ ಮಾಡುತ್ತಿದ್ದೆ. ಬೇಕೆಂದು ಬಯಸಿದ್ದು ಕೈಗೆ ಬಂದಾಗ ನನಗೆ ಗೊತ್ತೇ ಆಗಲಿಲ್ಲ. ಅದನ್ನು ಕೊಟ್ಟವರು ಅವರು ಎಂಬುದು ಇನ್ನೂ ಚುಚ್ಚಿತು. ಹೊರಡುವಾಗ, "ಎಬ್ಬಿಸಬಾರದೇನ್ರಿ?" ಎಂದು ಕೇಳಿದೆ. "ಎಂತಕ್ಕೆ? ನಿಮ್ಮ ಮಗಳು ಮೊದಲನೇ ಸಲ ಒಳ್ಳೆ ಚಿತ್ರ ಮಾಡಿದ್ದು," ಎಂದರು.

ಚಳಿಗಾಲದಲ್ಲಿ ಮಕ್ಕಳನ್ನು ಹೊರಗೆ ಮರಳಿಗೆ ಕರೆದೊಯ್ದು, ನೆರಳು ಕಪ್ಪಲ್ಲ, ನೀಲಿ ಎಂದು ತೋರಿಸಿದ್ದು ಕೊನೆಯ ಪಾಠಗಳಲ್ಲಿ ಒಂದು. ಫ್ರಾನ್ಸಿನವರು ಟ್ಯೂಬಿನಲ್ಲಿ ಬಣ್ಣ ಬಂದ ಮೇಲೆ ಬಾಗಿಲು ತೆರೆದು ಹೊರಗೆ ಓಡಿದರು ಎನ್ನುತ್ತ ಅವರೂ ಆ ಮರಳಿನಲ್ಲಿ ಚಪ್ಪಲಿ ಬಿಟ್ಟು ಓಡಿದ್ದು ನನಗೆ ಕಾಣುತ್ತದೆ. ಅವರ ಗಂಡ ರಿಟೈರ್ ಆದರು, ವೀಸಾ ಮುಗಿಯಿತು, ಇಬ್ಬರೂ ಊರಿಗೆ ಹೋದರು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದು, "ನಿಮ್ಮ ಚಟ್ನಿ ಕಳಿಸಿ ಮಾರಾಯ್ರೆ" ಎಂದರಷ್ಟೆ. ಮಗಳು ಡಾಕ್ಟರ್ ಆಗಲಿಲ್ಲ. ದುಬೈಯ ಗ್ಯಾಲರಿಯೊಂದರಲ್ಲಿ ಹಳೆಯ ಚಿತ್ರಗಳ ಮೇಲಿನ ಕೊಳೆ ತೆಗೆಯುವ ಕೆಲಸದಲ್ಲಿದ್ದಾಳೆ.

ಸುದ್ದಿ ಬಂದ ಮುಂದಿನ ಶುಕ್ರವಾರ ಅವಳು ಅಬುಧಾಬಿಗೆ ಬಂದಳು. ಹಳೆಯ ವಿದ್ಯಾರ್ಥಿಗಳು ಸೇರಿ ಚರ್ಚಿನಲ್ಲಿ ಒಂದು ಪ್ರಾರ್ಥನೆ ಇಟ್ಟುಕೊಂಡಿದ್ದರು, ಅಲ್ಲಿಡಲು ಮಿಸ್‌ನ ಚಿತ್ರ ಇವಳೇ ಮಾಡಬೇಕೆಂದಿತ್ತು. ಊಟ ಮುಗಿಸಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಪೆನ್ಸಿಲ್ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ನಾನು ಪಾತ್ರೆ ಒರೆಸುತ್ತ ನೋಡುತ್ತಿದ್ದೆ.

"ಅಮ್ಮ, ಬರ್ತಾನೇ ಇಲ್ಲ," ಎಂದಳು. "ದನಿ ನೆನಪಾಗ್ತದೆ, ಕೈ ನೆನಪಾಗ್ತದೆ. ಮುಖ ಬರೋದೇ ಇಲ್ಲ. ನಾನು ಒಂದು ಸಲಾನೂ ಮಿಸ್‌ನ ಬಿಡಿಸಿಲ್ಲ."

"ಫೋಟೋ ಅದಾವಲ್ಲ?"

"ಫೋಟೋ ನೋಡಿ ಮಾಡಿದ್ರೆ ಅವರಿಗೆ ಸಿಟ್ಟು ಬರ್ತದೆ."

ನಾನು ಕೈ ಒರೆಸಿಕೊಂಡು ಅವಳ ಎದುರು ಕೂತೆ.

"ಹಣಿ ಸಣ್ಣದು," ಎಂದೆ. "ಎಡಗಡೆ ಹುಬ್ಬು ಬಲಗಡೇದಕ್ಕಿಂತ ಒಂಚೂರು ಮ್ಯಾಲೆ. ಮೂಗು ಮ್ಯಾಲಿಂದ ನೆಟ್ಟಗ ಬಂದು ತುದಿಗೆ ಸ್ವಲ್ಪ ಬಲಕ್ಕ ತಿರಗ್ತದ. ನಗೂದಕ್ಕಿಂತ ಮೊದಲು ಕೆಳತುಟಿ ಒಳಗ ಎಳಕೋತಿದ್ರು, ಅದಕ್ಕ ಅಲ್ಲಿ ಒಂದು ಗೆರಿ. ಗದ್ದದ ಕೆಳಗ ಒಂದು ಹಳೇ ಗಾಯದ ಗುರತು, ಅಕ್ಕಿಕಾಳಿನಷ್ಟು. ಎಡಗಿವಿ ತೂತು ಉದ್ದ ಆಗಿತ್ತು, ಬಲಗಡೇದು ಆಗಿರಲಿಲ್ಲ. ಯಾರದರ ಚಿತ್ರ ನೋಡಬೇಕಾದ್ರ ಬಲಗಣ್ಣು ಸಣ್ಣದ ಮಾಡ್ತಿದ್ರು."

ಮಗಳು ಪ್ರತಿ ಮಾತಿಗೂ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ನನ್ನ ಬಾಯಿಯನ್ನು, ನನ್ನ ಮುಖದ ಮೇಲೆ ನಾನು ಬೆರಳಿಟ್ಟು ತೋರಿಸುತ್ತಿದ್ದ ಜಾಗವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅವರನ್ನು ನೋಡುತ್ತಿದ್ದಳಲ್ಲ, ಹಾಗೆಯೇ.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?" ಎಂದಳು. "ನಿನಗೆ ಮಿಸ್ ಅಂದ್ರೆ ಅಷ್ಟು ಇಷ್ಟ ಇತ್ತಾ?"

"ಇಷ್ಟ ಅಲ್ಲವ್ವಾ, ಹೊಟ್ಟಿಕಿಚ್ಚು," ಎಂದೆ.

ಅವಳು ನಕ್ಕು ಮತ್ತೆ ಬಗ್ಗಿದಳು. ಪೆನ್ಸಿಲ್ ಜೋರಾಗಿ ಓಡತೊಡಗಿತು. ಕಾಗದದ ಮೇಲೆ ಆ ಸಣ್ಣ ಹಣೆ ಬಂತು, ಮೂಗು ಬಂತು, ನಗುವ ಮೊದಲಿನ ಆ ತುಟಿ ಬಂತು. ಈಗ ಅವಳಿಗೆ ನನ್ನ ಮಾತು ಬೇಕಾಗಿರಲಿಲ್ಲ. ತಲೆ ಎತ್ತುವುದನ್ನು ಬಿಟ್ಟಿದ್ದಳು. ಕಾಗದದೊಳಗಿಂದ ಆ ಹೆಂಗಸು ಬಲಗಣ್ಣು ಸಣ್ಣದು ಮಾಡಿ ಅವಳನ್ನು ನೋಡುತ್ತಿದ್ದರು, ಅವಳು ಅವರನ್ನು ನೋಡುತ್ತಿದ್ದಳು. ನಾನು ಎದುರಿನ ಕುರ್ಚಿಯಲ್ಲಿ ಕೂತೇ ಇದ್ದೆ.

"ಎಡಗಡೆ ಹುಬ್ಬು ಇನ್ನೂ ಸ್ವಲ್ಪ ಮ್ಯಾಲಿತ್ತು," ಎಂದೆ.

ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಹುಬ್ಬು ಸರಿಯಾಗಿಯೇ ಇತ್ತು.